ಜೀಪಿಗೆ ಎರಡನೆಯ ಬ್ಯಾಟರಿ

ಮಳೆಗಾಲ ಕಳೆದು ಕೊಯ್ಲು ಹತ್ತಿರವಾಗುತ್ತಿದ್ದಂತೆ ಸಂಘದ ಕಚೇರಿಗೆ ಬರುವ ಸದಸ್ಯರು ಈಚಿನ ವರ್ಷಗಳಲ್ಲಿ ಒಂದು ಪ್ರಶ್ನೆಯನ್ನು ಪದೇ ಪದೇ ಕೇಳುತ್ತಿದ್ದಾರೆ. ಜೀಪಿಗೆ ಇನ್ನೊಂದು ಬ್ಯಾಟರಿ ಕೂರಿಸಬಹುದೇ, ಕೂರಿಸಿದರೆ ಏನೇನು ಬೇಕು, ಖರ್ಚಿಗೆ ತಕ್ಕ ಪ್ರಯೋಜನ ಉಂಟೇ ಎಂಬುದು ಆ ಪ್ರಶ್ನೆ. ಒಬ್ಬೊಬ್ಬರಿಗೆ ಬಾಯಲ್ಲಿ ಅರ್ಧಂಬರ್ಧ ಹೇಳುವುದಕ್ಕಿಂತ ಎಲ್ಲರಿಗೂ ಒಟ್ಟಿಗೆ ಬರೆದು ತಿಳಿಸುವುದು ಲೇಸೆಂದು ತೋರಿತು.

ಕಳೆದ ಕೊಯ್ಲಿನಲ್ಲಿ ನಮ್ಮ ಸದಸ್ಯರೊಬ್ಬರ ಮನೆಯಲ್ಲಿ ನಡೆದುದನ್ನು ಮೊದಲು ಹೇಳಬೇಕು. ಸಂಜೆ ಕರೆಂಟು ಹೋಯಿತು. ಅಂಗಳದಲ್ಲಿ ಹತ್ತು ಹನ್ನೆರಡು ಜನ ಅಡಿಕೆ ಸುಲಿಯುತ್ತಿದ್ದರು, ಒಲೆಯ ಮೇಲೆ ಹಂಡೆ ಕುದಿಯುತ್ತಿತ್ತು. ಕೆಲಸ ನಿಲ್ಲಿಸುವಂತಿರಲಿಲ್ಲ. ಜೀಪನ್ನು ಅಂಗಳದ ಅಂಚಿಗೆ ತಂದು, ಬಾನೆಟ್ಟು ಎತ್ತಿ, ಬ್ಯಾಟರಿಯಿಂದಲೇ ವೈರು ಎಳೆದು 55 ವ್ಯಾಟಿನ ಎರಡು ಫೋಕಸ್ ದೀಪ ಹಚ್ಚಿದರು. ನಾಲ್ಕು ಗಂಟೆ ದೀಪ ಚೆನ್ನಾಗಿಯೇ ಉರಿಯಿತು. ರಾತ್ರಿ ಹನ್ನೊಂದರ ಹೊತ್ತಿಗೆ ಲೈನು ಮನೆಯ ಮಗುವೊಂದಕ್ಕೆ ಉಬ್ಬಸ ಹೆಚ್ಚಿ ಉಸಿರಾಡಲಾಗದಂತಾಯಿತು. ಎತ್ತಿಕೊಂಡು ಬಂದು ಜೀಪಿನಲ್ಲಿ ಕೂರಿಸಿ ಕೀಲಿ ತಿರುಗಿಸಿದರೆ ಸೆಲ್ಫ್ ಎತ್ತಲಿಲ್ಲ, ಟಕ್ ಟಕ್ ಎಂದು ಸುಮ್ಮನಾಯಿತು. ಪುಣ್ಯಕ್ಕೆ ಅದು ಹಳೆಯ ಡೀಸೆಲ್ ಜೀಪು, ಅಂಗಳದ ಮುಂದೆ ಇಳಿಜಾರು. ಸುಲಿಯುತ್ತಿದ್ದವರೆಲ್ಲ ಎದ್ದು ಬಂದು ತಳ್ಳಿದರು. ಸ್ಟಾರ್ಟ್ ಆಯಿತು, ಮಗು ಉಳಿಯಿತು. ಹೊಸ ಮಾದರಿಯ ಗಾಡಿಯಾಗಿದ್ದರೆ ಅಥವಾ ಅಂಗಳ ಸಮತಟ್ಟಾಗಿದ್ದರೆ ಏನಾಗುತ್ತಿತ್ತು ಎಂದು ಆ ಸದಸ್ಯರು ಇಂದಿಗೂ ಹೇಳಿಕೊಳ್ಳುತ್ತಾರೆ.

ಲೆಕ್ಕ ನೋಡಿದರೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಎರಡು ದೀಪ ಸೇರಿ 110 ವ್ಯಾಟು. 12 ವೋಲ್ಟಿಗೆ ಭಾಗಿಸಿದರೆ 9 ಆಂಪಿಯರಿಗೆ ಸ್ವಲ್ಪ ಮೇಲೆ. ನಾಲ್ಕು ಗಂಟೆಗೆ ಸುಮಾರು 37 ಆಂಪಿಯರ್-ಗಂಟೆ. ಬ್ಯಾಟರಿಯ ಮೇಲೆ 60 ಎಂದು ಬರೆದಿದ್ದರೂ ಮೂರು ನಾಲ್ಕು ವರ್ಷ ದುಡಿದ ಬ್ಯಾಟರಿಯಲ್ಲಿ ಅಷ್ಟು ಇರುವುದಿಲ್ಲ. ದೀಪ ಉರಿಯಲು ಸಾಕಾಗುವ ಶಕ್ತಿ ಇಂಜಿನ್ ತಿರುಗಿಸಲು ಸಾಲದು. ದೀಪಕ್ಕೆ ಬೇಕಾದುದು ಒಂಬತ್ತು ಆಂಪಿಯರ್ ಆದರೆ ಡೀಸೆಲ್ ಇಂಜಿನ್ನಿನ ಸೆಲ್ಫ್ ಮೋಟಾರು ಒಂದೆರಡು ಸೆಕೆಂಡಿನ ಮಟ್ಟಿಗೆ ಕೇಳುವುದು ನೂರಾರು ಆಂಪಿಯರ್. ಆದುದರಿಂದ ದೀಪ ಉರಿಯುತ್ತಿದೆಯಲ್ಲ, ಬ್ಯಾಟರಿ ಇದೆ ಎಂದು ನಂಬುವುದು ಮೋಸ.

ಹಿಂದಿನ ಜೀಪುಗಳಲ್ಲಿ ಡೀಸೆಲ್ ಪಂಪು ಯಂತ್ರದಿಂದಲೇ ನಡೆಯುತ್ತಿದ್ದುದರಿಂದ ಬ್ಯಾಟರಿ ಸತ್ತರೂ ತಳ್ಳಿ ಹೊರಡಿಸಬಹುದಿತ್ತು. ಈಗಿನ ಗಾಡಿಗಳಲ್ಲಿ ಡೀಸೆಲ್ ಸಿಂಪಡಿಸುವ ಹೊತ್ತು, ಪ್ರಮಾಣ ಎಲ್ಲವನ್ನೂ ಒಂದು ಎಲೆಕ್ಟ್ರಾನಿಕ್ ಪೆಟ್ಟಿಗೆ ನಿರ್ಧರಿಸುತ್ತದೆ. ಅದಕ್ಕೆ ಸಾಕಷ್ಟು ವೋಲ್ಟೇಜು ಸಿಗದಿದ್ದರೆ ಊರೇ ಬಂದು ತಳ್ಳಿದರೂ ಇಂಜಿನ್ ಹಿಡಿಯುವುದಿಲ್ಲ. ಎರಡನೆಯ ಬ್ಯಾಟರಿಯ ವಿಚಾರ ಈಗ ಹಿಂದಿಗಿಂತ ಗಂಭೀರವಾಗಿರುವುದು ಈ ಕಾರಣಕ್ಕೆ.

ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿ ಮಾಡಿಕೊಡುವುದು ಹೀಗೆ: ಇನ್ನೊಂದು ಬ್ಯಾಟರಿ ತಂದು, ಅದರ ಪ್ಲಸ್ಸನ್ನು ಇದರ ಪ್ಲಸ್ಸಿಗೆ, ಅದರ ಮೈನಸ್ಸನ್ನು ಇದರ ಮೈನಸ್ಸಿಗೆ ಕಟ್ಟಿಬಿಡುವುದು. ಇದರಿಂದ ಎರಡು ಬ್ಯಾಟರಿ ಆಗಲಿಲ್ಲ, ಒಂದೇ ದೊಡ್ಡ ಬ್ಯಾಟರಿ ಆಯಿತು. ತೋಟದಲ್ಲಿ ಎರಡು ತೊಟ್ಟಿಗಳನ್ನು ಬುಡದಲ್ಲಿ ಪೈಪಿನಿಂದ ಸೇರಿಸಿದರೆ ಒಂದರ ನೀರು ಬಿಟ್ಟಾಗ ಇನ್ನೊಂದರದೂ ಇಳಿಯುತ್ತದೆ. ಹಾಗೆಯೇ ರಾತ್ರಿಯ ದೀಪ ಎರಡನ್ನೂ ಬರಿದು ಮಾಡುತ್ತದೆ. ಹೆಚ್ಚೆಂದರೆ ನಾಲ್ಕು ಗಂಟೆಗೆ ಆಗುತ್ತಿದ್ದ ಅನಾಹುತ ಎಂಟು ಗಂಟೆಗೆ ಆಗುತ್ತದೆ. ಅಷ್ಟೇ ಅಲ್ಲ, ಒಂದು ಹಳೆಯದು ಒಂದು ಹೊಸದು ಇದ್ದರೆ ಹಳೆಯದು ಹೊಸದನ್ನು ಹಗಲು ರಾತ್ರಿ ಹೀರುತ್ತ ಎರಡೂ ಬೇಗ ಹಾಳಾಗುತ್ತವೆ. ಎರಡು ತೊಟ್ಟಿಗಳ ನಡುವೆ ಒಂದು ತೂಬು ಬೇಕು. ಇಂಜಿನ್ ಓಡುವಾಗ ತೂಬು ತೆರೆದು ಎರಡೂ ತುಂಬಬೇಕು, ಇಂಜಿನ್ ನಿಂತಾಗ ಮುಚ್ಚಿರಬೇಕು. ದೀಪ, ಪಂಪು, ಮೊಬೈಲು ಎಲ್ಲವೂ ಎರಡನೆಯದರಿಂದ ಮಾತ್ರ. ಮೊದಲನೆಯದು ಸೆಲ್ಫಿಗೆ ಮೀಸಲು, ಅದನ್ನು ಯಾರೂ ಮುಟ್ಟಕೂಡದು. ಉಳಿದುದೆಲ್ಲ ಈ ತೂಬನ್ನು ಹೇಗೆ ಇಡುವುದು ಎಂಬ ವಿವರವೇ.

ಅತಿ ಸುಲಭವಾದ ತೂಬು ಎಂದರೆ ಕೈಯಿಂದ ತಿರುಗಿಸುವ ದೊಡ್ಡ ಬ್ಯಾಟರಿ ಸ್ವಿಚ್ಚು. ಅಗ್ಗ, ಕೆಡುವಂಥದೇನೂ ಇಲ್ಲ. ಆದರೆ ಗಾಡಿ ನಿಲ್ಲಿಸಿದಾಗ ನೆನಪಿನಿಂದ ತಿರುಗಿಸಬೇಕು. ಕೊಯ್ಲಿನ ಗಡಿಬಿಡಿಯಲ್ಲಿ ಮರೆಯದೆ ಇರುವವರು ನಮ್ಮಲ್ಲಿ ಎಷ್ಟು ಮಂದಿ? ಜೀಪು ಒಬ್ಬರ ಕೈಯಲ್ಲೇ ಇರುವ ಮನೆಗಳಿಗೆ ಮಾತ್ರ ಇದು ಸರಿ. ಮಗ, ಡ್ರೈವರು, ರೈಟರು ಮೂವರೂ ಓಡಿಸುವ ಜೀಪಿಗೆ ಬೇಡ.

ಎರಡನೆಯದು ಸೊಲೆನಾಯ್ಡ್. ಕಾಯಿಲ್‌ಗೆ ಕರೆಂಟು ಬಂದಾಗ ತಾನೇ ಕೂಡಿಸಿ, ನಿಂತಾಗ ತಾನೇ ಬಿಡಿಸುವ ಸಾಧನ. ಇದರಲ್ಲಿ ಎರಡು ಎಚ್ಚರಿಕೆ ಬೇಕು. ಗ್ಯಾರೇಜಿನ ಮೂಲೆಯಲ್ಲಿ ಬಿದ್ದಿರುವ ಹಳೆಯ ಸೆಲ್ಫ್ ಸೊಲೆನಾಯ್ಡನ್ನೇ ಹಾಕಿಕೊಡುವ ಮಿಸ್ತ್ರಿಗಳಿದ್ದಾರೆ. ಅದು ಕೆಲವು ಸೆಕೆಂಡು ಮಾತ್ರ ಕೆಲಸ ಮಾಡಲೆಂದು ಮಾಡಿದ್ದು, ಗಂಟೆಗಟ್ಟಲೆ ಹಿಡಿದಿಟ್ಟರೆ ಕಾದು ಸುಟ್ಟುಹೋಗುತ್ತದೆ. ಸತತವಾಗಿ ನಡೆಯುವಂಥದು ಎಂದು ಕೇಳಿಯೇ ಕೊಳ್ಳಬೇಕು. ಇನ್ನೊಂದು, ಅದರ ಕಾಯಿಲ್‌ಗೆ ಕೀಲಿಯಿಂದ ನೇರವಾಗಿ ಕರೆಂಟು ಕೊಟ್ಟರೆ ಸೆಲ್ಫ್ ಹೊಡೆಯುವಾಗಲೂ ಎರಡು ಬ್ಯಾಟರಿಗಳು ಕೂಡಿಯೇ ಇರುತ್ತವೆ. ಆಗ ಸೆಲ್ಫಿನ ದೊಡ್ಡ ಕರೆಂಟು ಎರಡನೆಯ ಬ್ಯಾಟರಿಯ ತೆಳು ಕೇಬಲ್ಲಿನಲ್ಲಿ ಹರಿದು ಫ್ಯೂಸು ಹೋಗುತ್ತದೆ. ಇಂಜಿನ್ ಓಡಿದ ಮೇಲೆ ಮಾತ್ರ ಜೀವ ಬರುವ ಕಡೆಯಿಂದ ಕರೆಂಟು ಕೊಡಬೇಕು.

ಮೂರನೆಯದು ವೋಲ್ಟೇಜು ನೋಡಿ ತಾನೇ ಕೂಡುವ ರಿಲೇ. ಹಳೆಯ ಮತ್ತು ನಡುಗಾಲದ ಜೀಪುಗಳಿಗೆ ನಾವು ಸೂಚಿಸುವುದು ಇದನ್ನೇ. ನಿಂತಿರುವ, ಪೂರ್ಣ ತುಂಬಿದ ಬ್ಯಾಟರಿ ತೋರಿಸುವುದು 12.6 ವೋಲ್ಟು ಅಥವಾ ಒಂದಿಷ್ಟು ಮೇಲೆ. ಇಂಜಿನ್ ಓಡಿ ಆಲ್ಟರ್ನೇಟರ್ ಕೆಲಸ ಮಾಡತೊಡಗಿದರೆ ಅದು 13.8ರಿಂದ 14.4ರವರೆಗೆ ಏರುತ್ತದೆ. ಈ ರಿಲೇ ಸಾಮಾನ್ಯವಾಗಿ 13.3ರ ಸುಮಾರಿಗೆ ಕೂಡಿಸಿ 12.8ರ ಸುಮಾರಿಗೆ ಬಿಡಿಸುತ್ತದೆ. ಸೆಲ್ಫ್ ಹೊಡೆಯುವಾಗ ವೋಲ್ಟೇಜು ಕುಸಿದಿರುವುದರಿಂದ ಅದು ಬಿಟ್ಟೇ ಇರುತ್ತದೆ. ಹೊರಟ ಮೇಲೆ ಮೊದಲ ಬ್ಯಾಟರಿ ಚೇತರಿಸಿಕೊಂಡ ನಂತರವೇ ಎರಡನೆಯದಕ್ಕೆ ಪಾಲು. ಮನೆಯಲ್ಲಿ ಯಾರೂ ಏನನ್ನೂ ನೆನಪಿಡಬೇಕಾಗಿಲ್ಲ.

ಡಯೋಡು ಹಾಕಿಸಿಕೊಂಡವರೂ ಇದ್ದಾರೆ. ಸಾಧಾರಣ ಸಿಲಿಕಾನ್ ಡಯೋಡಿನಲ್ಲಿ 0.7 ವೋಲ್ಟಿನಷ್ಟು ನಷ್ಟವಾಗುತ್ತದೆ, 14.2 ಹೊರಟರೆ ಬ್ಯಾಟರಿಗೆ ತಲುಪುವುದು 13.5. ಎಷ್ಟು ಓಡಿಸಿದರೂ ಬ್ಯಾಟರಿ ಪೂರ್ತಿ ತುಂಬದೆ ಒಂದೆರಡು ವರ್ಷದಲ್ಲಿ ಪ್ಲೇಟುಗಳು ಗಟ್ಟಿಕಟ್ಟುತ್ತವೆ. ಇದು ನಮಗೆ ಹಿಡಿಸಿಲ್ಲ.

2020ರ ಏಪ್ರಿಲಿನಿಂದ ಭಾರತ್ ಸ್ಟೇಜ್ 6 ನಿಯಮ ಬಂದ ಮೇಲೆ ಕೊಂಡ ಗಾಡಿಯಿದ್ದವರು ಒಂದು ವಿಷಯ ವಿಚಾರಿಸಿಕೊಳ್ಳಬೇಕು. ಇವುಗಳಲ್ಲಿ ಕೆಲವು ಗಾಡಿಗಳ ಆಲ್ಟರ್ನೇಟರ್ ಇಂಧನ ಉಳಿಸಲೆಂದು ವೋಲ್ಟೇಜನ್ನು ಆಗಾಗ ತಾನೇ ಇಳಿಸುತ್ತದೆ. ಮೇಲೆ ಹೇಳಿದ ರಿಲೇಗೆ ಇಂಜಿನ್ ನಿಂತಿತೆಂಬ ಭ್ರಮೆ ಹುಟ್ಟಿ ಬಿಡಿಸಿಬಿಡುತ್ತದೆ. ಅಂಥ ಗಾಡಿಗೆ ಸರಿಯಾದುದು ಡಿ.ಸಿ.ಯಿಂದ ಡಿ.ಸಿ.ಗೆ ಚಾರ್ಜು ಮಾಡುವ ಪೆಟ್ಟಿಗೆ. ಬರುವ ವೋಲ್ಟೇಜು ಎಷ್ಟೇ ಇರಲಿ, ಎರಡನೆಯ ಬ್ಯಾಟರಿಗೆ ಬೇಕಾದಷ್ಟನ್ನು ಅದು ಸಿದ್ಧಮಾಡಿ ಕೊಡುತ್ತದೆ. ಬೆಲೆ ಹೆಚ್ಚು. ಗಾಡಿಗೆ ಕಂಪೆನಿಯ ವಾರಂಟಿ ಇನ್ನೂ ಇದ್ದರೆ ವೈರಿಗೆ ಕೈ ಹಾಕುವ ಮೊದಲು ಮಾರಿದವರನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆದಿರುವುದು ಕ್ಷೇಮ.

ಲಿಥಿಯಂ ಬ್ಯಾಟರಿ ಹಾಕಬಹುದೇ ಎಂದು ಕೇಳುವ ತರುಣ ಸದಸ್ಯರಿದ್ದಾರೆ. ಹಗುರ, ಬಾಳಿಕೆಯೂ ಉಂಟು. ಆದರೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಸುಮ್ಮನೆ ಇದ್ದಾಗಲೇ 13.2 ವೋಲ್ಟಿನ ಹತ್ತಿರ ಇರುವುದರಿಂದ ಸಾಧಾರಣ ರಿಲೇ ಬಿಡಿಸಿಕೊಳ್ಳದೆ ಉಳಿಯಬಹುದು. ಚಾರ್ಜು ಎಳೆಯುವಾಗಲೂ ಅದು ಹೊಟ್ಟೆಬಾಕನಂತೆ ಎಳೆದು ಆಲ್ಟರ್ನೇಟರನ್ನು ಕಾಯಿಸುತ್ತದೆ. ಹಾಕುವುದಾದರೆ ಮೇಲಿನ ಪೆಟ್ಟಿಗೆಯ ಜೊತೆಗೇ ಹಾಕಬೇಕು.

ಈಗ ಎಲ್ಲರೂ ಮರೆಯುವ ಮಾತಿಗೆ ಬರೋಣ. ಎರಡನೆಯ ಬ್ಯಾಟರಿ ಕೂರಿಸಿದ ಮಾತ್ರಕ್ಕೆ ಅದು ತುಂಬುವುದಿಲ್ಲ. ಇಂದಿನ 20 ವ್ಯಾಟಿನ ಎರಡು ಎಲ್.ಇ.ಡಿ. ದೀಪ, ಒಲೆಯ ಬಳಿ 10 ವ್ಯಾಟಿನದೊಂದು, ಒಟ್ಟು 50 ವ್ಯಾಟು ಎಂದಿಟ್ಟುಕೊಳ್ಳಿ. ನಾಲ್ಕು ಆಂಪಿಯರಿಗೆ ತುಸು ಮೇಲೆ, ಸಂಜೆ ಆರರಿಂದ ನಡುರಾತ್ರಿಯವರೆಗೆ 25 ಆಂಪಿಯರ್-ಗಂಟೆ. 80 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಅರ್ಧ, ಅಂದರೆ 40, ಮಾತ್ರ ಬಳಸುವುದು ಅದರ ಆಯುಷ್ಯಕ್ಕೆ ಒಳ್ಳೆಯದು. ಹೀಗೆ ಒಂದು ರಾತ್ರಿ ನಿಶ್ಚಿಂತೆ, ಎರಡನೆಯ ರಾತ್ರಿಗೆ ಮತ್ತೆ ತುಂಬಿರಲೇಬೇಕು. 25 ತೆಗೆದರೆ ಸುಮಾರು 30 ಹಿಂದೆ ಹಾಕಬೇಕಾಗುತ್ತದೆ. ಓಡುವ ಜೀಪಿನಿಂದ ಎರಡನೆಯ ಬ್ಯಾಟರಿಗೆ ಆರಂಭದಲ್ಲಿ 20 ಆಂಪಿಯರ್ ಸಿಕ್ಕರೂ ತುಂಬುತ್ತ ಬಂದಂತೆ ಅದು ಇಳಿಯುತ್ತದೆ. ಎರಡು ಮೂರು ಗಂಟೆಯ ಓಟ ಬೇಕೇ ಬೇಕು. ನಮ್ಮ ಜೀಪುಗಳು ಓಡುವುದು ಹೇಗೆ? ತೋಟದಿಂದ ಕಣಕ್ಕೆ, ಕಣದಿಂದ ಹಾಲಿನ ಡೇರಿಗೆ, ಕಾಲು ಗಂಟೆ ಓಡಿ ಅರ್ಧ ದಿನ ನಿಲ್ಲುತ್ತವೆ. ಕಾಲು ಗಂಟೆಯಲ್ಲಿ ಒಳಗೆ ಹೋಗುವುದು ಹೆಚ್ಚೆಂದರೆ 5 ಆಂಪಿಯರ್-ಗಂಟೆ. ನಿಂತಲ್ಲೇ ಇಂಜಿನ್ ಓಡಿಸಿಡುವುದು ಡೀಸೆಲ್ ಸುಡುವ ದಾರಿ. ನಿಧಾನ ಓಟದಲ್ಲಿ ಆಲ್ಟರ್ನೇಟರ್ ತನ್ನ ಮೇಲೆ ಬರೆದಿರುವಷ್ಟು ಆಂಪಿಯರ್ ಕೊಡುವುದೂ ಇಲ್ಲ.

ಆದುದರಿಂದ ಕೊಟ್ಟಿಗೆಯಲ್ಲಿ ಕರೆಂಟು ಇರುವ ಹೊತ್ತಿನಲ್ಲಿ ಸಾಧಾರಣ ಚಾರ್ಜರಿನಿಂದ ತುಂಬಿಸಿಕೊಳ್ಳುವ ಏರ್ಪಾಡು ಇರಲಿ. 80 ಆಂಪಿಯರ್-ಗಂಟೆಯ ಬ್ಯಾಟರಿಗೆ 8 ಆಂಪಿಯರಿನ ಚಾರ್ಜರು ತಕ್ಕುದು. ಜೀಪಿನ ಮಾಡಿನ ಮೇಲೆ 100 ವ್ಯಾಟಿನ ಸೋಲಾರ್ ಹಲಗೆ, ಜೊತೆಗೆ ಕಂಟ್ರೋಲರು ಹಾಕಿಸಿದರೆ ಕೊಯ್ಲಿನ ಕಾಲದ ಬಿಸಿಲಿಗೆ ದಿನಕ್ಕೆ 20 ಆಂಪಿಯರ್-ಗಂಟೆಯಷ್ಟು ಸಿಗಬಹುದು. ಆಷಾಢದ ಮಳೆಯಲ್ಲಿ ಅದನ್ನು ನಂಬಬೇಡಿ.

ಈ ಲೆಕ್ಕ ಹಾಕಿದ ಮೇಲೆ ಕೆಲವರಿಗೆ ಜೀಪಿನಲ್ಲಿ ಎರಡನೆಯ ಬ್ಯಾಟರಿ ಬೇಕೇ ಇಲ್ಲ ಎಂದು ಕಾಣಬಹುದು. ಅಂಗಳ ಮನೆಯ ಮುಂದೆಯೇ ಇದ್ದು, ಬೇಕಾದುದು ದೀಪ ಮಾತ್ರವಾದರೆ ಜಗಲಿಯಲ್ಲೊಂದು ಟ್ಯೂಬುಲರ್ ಬ್ಯಾಟರಿ, ಚಾರ್ಜರು ಇಟ್ಟರೆ ಕೆಲಸ ಮುಗಿಯಿತು. ಅದೇ ಅಗ್ಗ. ಮನೆಯಿಂದ ದೂರದ ತೋಟದಲ್ಲಿ 12 ವೋಲ್ಟಿನ ಸಣ್ಣ ಸ್ಪ್ರೇ ಪಂಪು ನಡೆಸುವವರು, ಮೇಲಿನ ತೋಟದ ಕಣದಲ್ಲಿ ರಾತ್ರಿ ಕಾವಲಿರುವವರು, ದಿನವೂ ಪೇಟೆಗೆ ಓಡುವ ಜೀಪಿನವರು, ಇವರಿಗೆ ಜೀಪಿನಲ್ಲೇ ಇರುವುದು ಉಪಯುಕ್ತ.

ಕೂರಿಸುವ ಜಾಗದ ವಿಷಯ. ಬಾನೆಟ್ಟಿನೊಳಗೆ ಜಾಗವಿದ್ದರೆ ಕೇಬಲ್ಲು ಗಿಡ್ಡವಾಗುತ್ತದೆ, ಆದರೆ ಸೈಲೆನ್ಸರಿನ ಬಿಸಿಗೆ ದೂರವಿರಬೇಕು. ಹಿಂದೆ ಇಡುವುದಾದರೆ ಜನ ಕೂರುವ ಮುಚ್ಚಿದ ಜಾಗದಲ್ಲಿ ನೀರು ಹಾಕುವ ಬ್ಯಾಟರಿಯನ್ನು ಹಾಗೆಯೇ ಇಡಕೂಡದು. ಚಾರ್ಜಾಗುವಾಗ ಅದರಿಂದ ಹೈಡ್ರೋಜನ್ ಅನಿಲ ಹೊರಡುತ್ತದೆ, ಒಂದು ಕಿಡಿ ಸಾಕು. ಮುಚ್ಚಳದ ಪೆಟ್ಟಿಗೆ ಮಾಡಿಸಿ, ಅನಿಲ ಹೊರಗೆ ಹೋಗಲು ಕೊಳವೆ ಇಡಬೇಕು, ಇಲ್ಲವೇ ನೀರು ಹಾಕದ ಸೀಲು ಮಾಡಿದ ಬ್ಯಾಟರಿಯನ್ನೇ ಆರಿಸಬೇಕು. 80 ಆಂಪಿಯರ್-ಗಂಟೆಯ ಬ್ಯಾಟರಿ ಸುಮಾರು 20 ಕೆ.ಜಿ. ತೂಗುತ್ತದೆ. ನಮ್ಮ ತೋಟದ ದಾರಿಗಳಲ್ಲಿ ಅದು ಹಗ್ಗಕ್ಕೂ ರಬ್ಬರಿಗೂ ನಿಲ್ಲುವುದಿಲ್ಲ. ಕಬ್ಬಿಣದ ತಟ್ಟೆಯನ್ನು ಚಾಸಿಗೆ ಬೋಲ್ಟು ಮಾಡಿ, ಮೇಲೆ ಪಟ್ಟಿ ಹಾಕಿ ಬಿಗಿಯಬೇಕು.

ನಮ್ಮವರಿಗೆ ವಿಶೇಷವಾಗಿ ಹೇಳಬೇಕಾದ ಮಾತೊಂದುಂಟು. ಮಳೆಗಾಲದಲ್ಲಿ ಇದೇ ಜೀಪಿನಲ್ಲಿ ಕೊಳೆ ಔಷಧಿಯ ಡ್ರಮ್ಮು, ಮೈಲುತುತ್ತದ ಚೀಲ ಹೋಗುತ್ತವೆ. ಮೈಲುತುತ್ತದ ನೀರು ಕಬ್ಬಿಣವನ್ನು ತಿನ್ನುತ್ತದೆ. ಕಬ್ಬಿಣದ ಬಕೆಟ್ಟಿನಲ್ಲಿ ಅದನ್ನು ಕರಗಿಸಬಾರದೆಂದು ನಾವು ಹೇಳುವುದು ಇದಕ್ಕೇ. ಬ್ಯಾಟರಿಯ ತಟ್ಟೆ, ಬೋಲ್ಟು, ಅರ್ಥಿನ ಜೋಡಣೆ ಎಲ್ಲವನ್ನೂ ಒಂದೇ ಮಳೆಗಾಲದಲ್ಲಿ ಅದು ಮುಗಿಸಬಲ್ಲದು. ಡ್ರಮ್ಮು ಎಡಕ್ಕೆ ನಿಂತರೆ ಬ್ಯಾಟರಿ ಬಲಕ್ಕಿರಲಿ, ನೆಲದಿಂದ ಎತ್ತರದಲ್ಲಿರಲಿ, ತಟ್ಟೆಗೆ ಎರಡು ಕೋಟು ಬಣ್ಣವಿರಲಿ.

ಕೇಬಲ್ಲಿನಲ್ಲಿ ಜಿಪುಣತನ ಮಾಡಬಾರದು. ಬ್ಯಾಟರಿ ಹಿಂದಿದ್ದರೆ ಹೋಗಲು 3 ಮೀಟರ್, ಬರಲು 3 ಮೀಟರ್. ಮನೆ ವೈರಿಂಗಿನಲ್ಲಿ ದಪ್ಪವೆನಿಸುವ 6 ಚದರ ಮಿ.ಮೀ. ತಾಮ್ರದ ತಂತಿಯಲ್ಲಿ 40 ಆಂಪಿಯರ್ ಹರಿದರೆ ದಾರಿಯಲ್ಲೇ 0.7 ವೋಲ್ಟು ಕಳೆಯುತ್ತದೆ, ಡಯೋಡಿನಷ್ಟೇ ನಷ್ಟ. 16 ಚದರ ಮಿ.ಮೀ. ಹಾಕಿದರೆ 0.26 ವೋಲ್ಟು. ಅದಕ್ಕಿಂತ ಸಣ್ಣದು ಬೇಡ. ಬಾಡಿಗೆ ಅರ್ಥ್ ಕೊಡುವುದಾದರೆ ಬಣ್ಣ ಕೆರೆದು ಹೊಳೆಯುವ ಲೋಹಕ್ಕೆ ಕೊಡಬೇಕು. ಹಳೆಯ ಜೀಪುಗಳ ಬಾಡಿ ತುಕ್ಕು ಹಿಡಿದಿರುವುದರಿಂದ ಮೈನಸ್ಸಿಗೂ ಬೇರೆ ಕೇಬಲ್ಲು ಎಳೆಯುವುದು ಮೇಲು.

ಫ್ಯೂಸು ಎರಡು ಬೇಕು. ಒಂದೇ ಸಾಕೆಂದು ವಾದಿಸುವ ಮಿಸ್ತ್ರಿಯ ಮಾತಿಗೆ ಒಪ್ಪಬೇಡಿ. ಮನೆಯ ವೈರಿನಲ್ಲಿ ಕರೆಂಟು ಬರುವುದು ಒಂದೇ ಕಡೆಯಿಂದ. ಇಲ್ಲಿ ಕೇಬಲ್ಲಿನ ಎರಡು ತುದಿಗೂ ಬ್ಯಾಟರಿ ಇದೆ. ನಡುವೆ ಎಲ್ಲಾದರೂ ರಬ್ಬರು ಸವೆದು ಚಾಸಿಗೆ ತಗುಲಿದರೆ ಎರಡೂ ಕಡೆಯಿಂದ ನೂರಾರು ಆಂಪಿಯರ್ ನುಗ್ಗಿ ಕೇಬಲ್ಲು ಕೆಂಪಗೆ ಕಾಯುತ್ತದೆ, ಕೆಳಗೇ ಡೀಸೆಲ್ ಪೈಪು. ಪ್ರತಿ ಬ್ಯಾಟರಿಯ ಪ್ಲಸ್ಸಿನಿಂದ ಒಂದು ಗೇಣಿನೊಳಗೆ ಒಂದೊಂದು 60 ಆಂಪಿಯರ್ ಫ್ಯೂಸು ಇರಲಿ. ಕೇಬಲ್ಲು ತಗಡನ್ನು ದಾಟುವ ಕಡೆಯೆಲ್ಲ ರಬ್ಬರು ಬಳೆ ಹಾಕಿಸಿ, ಉಳಿದಂತೆ ಪ್ಲಾಸ್ಟಿಕ್ ಕೊಳವೆಯೊಳಗೆ ಓಡಿಸಿ. ದೀಪ, ಪಂಪುಗಳ ಸಣ್ಣ ವೈರುಗಳಿಗೆ ಅವುಗಳದೇ ಚಿಕ್ಕ ಫ್ಯೂಸುಗಳಿರಲಿ.

ಸೇನೆಯ ಹರಾಜಿನಲ್ಲಿ ಬಂದ ಗಾಡಿಗಳಲ್ಲಿ ಎರಡು ಬ್ಯಾಟರಿ ಕಂಡರೆ ಇದೇ ವ್ಯವಸ್ಥೆ ಎಂದುಕೊಳ್ಳಬಾರದು. ಅವು ಸಾಮಾನ್ಯವಾಗಿ 24 ವೋಲ್ಟಿನವು, ಎರಡನ್ನು ಒಂದರ ಹಿಂದೊಂದು ಸೇರಿಸಿರುತ್ತಾರೆ. ಅವುಗಳಲ್ಲಿ ಒಂದರಿಂದ ಮಾತ್ರ 12 ವೋಲ್ಟು ತೆಗೆದು ದೀಪ ಹಚ್ಚಿದರೆ ಒಂದು ಬ್ಯಾಟರಿ ಒಣಗಿ ಇನ್ನೊಂದು ಅತಿಯಾಗಿ ಚಾರ್ಜಾಗಿ ಎರಡೂ ಕೆಡುತ್ತವೆ.

ಕೆಲಸ ಮಾಡುವ ದಿನ ಕೈಯ ಉಂಗುರ, ಗಡಿಯಾರ ತೆಗೆದಿಡಿ. ಮೊದಲು ಹಳೆಯ ಬ್ಯಾಟರಿಯ ಮೈನಸ್ ಬಿಚ್ಚಬೇಕು, ಕೊನೆಯಲ್ಲಿ ಕೂಡಿಸುವುದೂ ಮೈನಸ್ಸೇ. ಪ್ಲಸ್ ಬಿಚ್ಚುವಾಗ ಸ್ಪ್ಯಾನರು ಬಾಡಿಗೆ ತಗುಲಿದರೂ ಆಗ ಕಿಡಿ ಹಾರುವುದಿಲ್ಲ. ಎರಡನೆಯ ಬ್ಯಾಟರಿಯನ್ನು ಹೊರಗೆ ಪೂರ್ತಿ ಚಾರ್ಜು ಮಾಡಿಯೇ ತಂದು ಕೂರಿಸಿ. ಆ್ಯಸಿಡ್ ಕಣ್ಣಿಗೆ ಸಿಡಿದರೆ ಹದಿನೈದು ನಿಮಿಷ ಧಾರಾಕಾರ ನೀರಿನಲ್ಲಿ ತೊಳೆದು ಡಾಕ್ಟರಲ್ಲಿಗೆ ಹೋಗಬೇಕು, ಉಜ್ಜಬಾರದು.

ಎಲ್ಲ ಮುಗಿದ ಮೇಲೆ ಮಿಸ್ತ್ರಿಗೆ ಹಣ ಕೊಡುವ ಮುನ್ನ ಒಂದು ಪರೀಕ್ಷೆ ಮಾಡಿ. ಇಂಜಿನ್ ನಿಲ್ಲಿಸಿ ಎರಡು ಗಂಟೆ ಬಿಟ್ಟು ಮೊದಲ ಬ್ಯಾಟರಿಯ ವೋಲ್ಟೇಜು ಬರೆದುಕೊಳ್ಳಿ. ರಾತ್ರಿ ಎಲ್ಲ ದೀಪಗಳನ್ನೂ ಹಚ್ಚಿ ಆರು ಗಂಟೆ ಬಿಡಿ. ಆಮೇಲೆ ಎರಡನ್ನೂ ಅಳೆಯಿರಿ. ಎರಡನೆಯದು ಇಳಿದಿರಬೇಕು, ಮೊದಲನೆಯದು ಬರೆದಿಟ್ಟ ಅಂಕಿಯಲ್ಲೇ ಇರಬೇಕು. ಅದೂ ಇಳಿದಿದ್ದರೆ ತೂಬು ಮುಚ್ಚಿಲ್ಲ, ಮಿಸ್ತ್ರಿಯನ್ನು ಮತ್ತೆ ಕರೆಸಿ. ಮೇಲೆ ಹೇಳಿದ ಸದಸ್ಯರು ರಿಲೇ ಹಾಕಿಸಿದ ನಂತರ ಈ ಪರೀಕ್ಷೆಯನ್ನು ಮೂರು ರಾತ್ರಿ ಮಾಡಿದರಂತೆ. ಮೂರನೆಯ ಬೆಳಿಗ್ಗೆ ಲೈನು ಮನೆಯವರೇ ಬಂದು, ಅಯ್ಯಾ, ಇವತ್ತು ನಾವೇ ಕೀಲಿ ತಿರುಗಿಸಿ ನೋಡ್ತೀವಿ ಎಂದರಂತೆ.